ಸೋರಿದ ಟೊಪ್ಪಿಗೆ

ಟಕೀಲೆ ದ್ವೀಪ, ಮಂಗಳವಾರ

ಪ್ರೀತಿಯ ಅಕ್ಕ ಫೋರ್ತುನಾತಾಗೆ,

ನಿನ್ನ ಮಂಡಿನೋವು ಹೇಗಿದೆ? ಸೆಲೆದೋನಿಯೊ ಭಾವನ ಕೆಮ್ಮು ಇಳಿಯಿತೇ? ನಾನು ಕ್ಷೇಮ. ನಮ್ಮ ದ್ವೀಪದಿಂದ ಕಣ್ಣಿಗೆ ಕಾಣುವಷ್ಟು ಹತ್ತಿರವಿದ್ದರೂ ಇಲ್ಲಿ ಎಲ್ಲ ಹೊಸದು. ಗಂಡಸರು ನಡೆಯುತ್ತಲೇ ಉಣ್ಣೆ ಟೊಪ್ಪಿಗೆ ಹೆಣೆಯುತ್ತಾರೆ.

ನಿನ್ನೆ ನಮ್ಮ ಮೊಮ್ಮಗಳು ದೆಲಿಯಾಳನ್ನು ಮದುವೆಗೆ ಕೇಳಿದ ಎಲಿಯಾಸರ್ ತಾನೇ ಹೆಣೆದ ಟೊಪ್ಪಿಗೆ ತಂದ. ಇಲ್ಲಿಯವರ ಪದ್ಧತಿಯಂತೆ ಹೆಣ್ಣಿನ ಕಡೆಯ ಹಿರಿಯಳಾದ ನಾನು ಅದನ್ನು ಬಟ್ಟಲಿನಂತೆ ಹಿಡಿದು ಒಳಗೆ ನೀರು ಸುರಿದೆ. ನೀರು ನಿಂತರೆ ಹುಡುಗ ಗಟ್ಟಿಗ, ಸೋರಿದರೆ ಮದುವೆ ಮಾತುಕತೆ ಅಲ್ಲಿಗೇ ಮುಗಿದಂತೆ. ತಳದಲ್ಲಿ ಹನಿ ಜಿನುಗಿತು. ದೆಲಿಯಾಳ ಮುಖ ನೋಡಲಾರದೆ ಅಂಗೈ ಒತ್ತಿ ಮುಚ್ಚಿಬಿಟ್ಟೆ.

“ಕೈ ತೆಗೀರಿ ಅಜ್ಜಿ, ಸೋರ್ತಿದೆ” ಎಂದ ಅವನೇ.

“ಅಯ್ಯೋ ಪೆದ್ದ, ಬಾಯಿ ಮುಚ್ಕೊಂಡಿರೋಕೆ ಏನಾಗಿತ್ತೋ?” ಎಂದು ಅವನಮ್ಮ ತಲೆ ಚಚ್ಚಿಕೊಂಡಳು.

ಅವನು ಅಲ್ಲೇ ಕುಳಿತು ಟೊಪ್ಪಿಗೆಯನ್ನೆಲ್ಲ ಬಿಚ್ಚತೊಡಗಿದ. “ನಾನು ಕಾಯ್ತೀನಿ, ಬಿಗಿಯಾಗಿ ಹೆಣಿ” ಎನ್ನುತ್ತ ದೆಲಿಯಾ ಪಕ್ಕದಲ್ಲಿ ಕುಳಿತು ನೂಲು ಸುತ್ತಿದಳು. ಅಜ್ಜಿಯ ಕಳ್ಳತನವನ್ನೇ ಮುಚ್ಚಿಡದವನು ಅವಳಿಗೆ ಸುಳ್ಳು ಹೇಳುವನೇ? ಭೂತಾಯಿಗೆ ಕೋಕಾ ಎಲೆ ಇಟ್ಟು ಕೈಮುಗಿದೆ.

ಹೊಸ ಟೊಪ್ಪಿಗೆಗೆ ತಿಂಗಳು ಬೇಕಂತೆ, ಅಲ್ಲಿಯವರೆಗೆ ಇಲ್ಲೇ ಇರುತ್ತೇನೆ. ಗುರುವಾರದ ದೋಣಿಯಲ್ಲಿ ನನ್ನ ದಪ್ಪ ಶಾಲು ಕಳಿಸು. ಈ ಸಲ ನೀನೇ ಬಂದು ನೀರು ಸುರಿ, ನನ್ನ ಕೈಯನ್ನು ನಂಬುವಂತಿಲ್ಲ. ಬರುತ್ತೀಯೋ ಇಲ್ಲವೋ, ಬೇಗ ಬರೆ.

ನಿನ್ನ ತಂಗಿ,
ಸತುರ್ನಿನಾ