ನಿಮ್ಮ ಹೆಸರಿನ ಸಹಿ

ಅಪ್ಪಾ,

ಇವತ್ತು ಬೆಳಿಗ್ಗೆ ತಂಗಿಯ ಅಂಕಪಟ್ಟಿಯಲ್ಲಿ ನಿಮ್ಮ ಸಹಿ ಕಂಡಿತು. ಈ ಸಲ ಅದನ್ನು ಹಾಕಿದ್ದು ನಾನಲ್ಲ, ಅವಳೇ. ಗದರಿದೆ. "ನೀನು ಹಾಕಿದ್ರೆ ಸರಿ, ನಾನು ಹಾಕಿದ್ರೆ ತಪ್ಪೇನೇ ಅಕ್ಕಾ?" ಎಂದಳು.

ಅಮ್ಮ ತೀರಿಹೋದಮೇಲೆ ಪೋಷಕರ ಸಭೆಗೂ ನಾನೇ ಹೋಗುತ್ತಿದ್ದೇನೆ. ಕೊನೆಯ ಬೆಂಚಿನಲ್ಲಿ ಕೂತು, ಯಾರೊಡನೆಯೂ ಮಾತಾಡದೆ ಬರುತ್ತೇನೆ. ತಂಗಿ ಮಾತ್ರ ನೀವು ಬರುತ್ತೀರೇನೋ ಎಂದು ಬಾಗಿಲನ್ನೇ ನೋಡುತ್ತಿರುತ್ತಾಳೆ.

ಶನಿವಾರ ಮೂರು ಗಂಟೆಗೆ ಸಭೆ. ಅಷ್ಟರಲ್ಲಿ ನಿಮ್ಮ ಬೇಕರಿಯ ಒಲೆ ಆರಿರುತ್ತದಲ್ಲ? "ನಾಲ್ಕನೇ ಕ್ಲಾಸಿಗೇ ಬಿಟ್ಟವನು, ಅಲ್ಲಿ ಹೋಗಿ ಏನು ಕೇಳ್ಲಿ" ಎನ್ನಬೇಡಿ. ಮಗಳು ಯಾರ ಪಕ್ಕ ಕೂರುತ್ತಾಳೆ, ಊಟದ ಹೊತ್ತಿಗೆ ಯಾರ ಜೊತೆ ಇರುತ್ತಾಳೆ ಎಂದು ಕೇಳಿದರೆ ಸಾಕು. ನಿಮ್ಮ ನೀಲಿ ಅಂಗಿ ಇಸ್ತ್ರಿ ಮಾಡಿಟ್ಟಿದ್ದೇನೆ.

ಈ ಸಲ ನಾನು ಹೋಗುವುದಿಲ್ಲ.

ನಿಮ್ಮ
ದೊಡ್ಡವಳು