ಸಹೋದರನಿಗೆ, ನಿನ್ನ ಮೇಲೆ

ಮಾರ್ಚ್ 7, ಶುಕ್ರವಾರ. ಬೆಳಿಗ್ಗೆ 5.40

ಕುಳಿತೆ. ಮೇಣದ ಬತ್ತಿ ಹಚ್ಚಿದೆ. ಇಂದೂ ಅದೇ ವಾಕ್ಯ, ಬೈಬಲಿನಲ್ಲಿ ಮತ್ತಾಯನ ಐದನೇ ಅಧ್ಯಾಯ. ಕಾಣಿಕೆ ಹಿಡಿದು ಬಲಿಪೀಠದ ಮುಂದೆ ಬಂದಿದ್ದೀಯ. ಒಡಹುಟ್ಟಿದವನ ಜೊತೆಗಿನ ಮನಸ್ತಾಪ ನೆನಪಾಯಿತು. ಕಾಣಿಕೆ ಅಲ್ಲೇ ಬಿಟ್ಟು ಹೋಗು, ಮೊದಲು ರಾಜಿಯಾಗು.

ಕಣ್ಣು ಮುಚ್ಚಿದೆ. ಕಂಡದ್ದು ಅಣ್ಣ ಸೂಸೈರಾಜನ ಮೀಸೆ.

ಪಾಪನಿವೇದನೆಯಲ್ಲಿ "ಅಣ್ಣನ ಮೇಲೆ ದ್ವೇಷ" ಎಂದದ್ದೇ ತಪ್ಪಾಯಿತು. ಫಾದರ್ ಹತ್ತು ಜಪ ಕೊಟ್ಟು ಕಳಿಸಬಹುದಿತ್ತು. "ಈಸ್ಟರ್‌ವರೆಗೂ ಇದೊಂದೇ ವಾಕ್ಯ ಧ್ಯಾನ ಮಾಡಮ್ಮ, ಬೇರೆಯದಕ್ಕೆ ಹೋಗ್ಬೇಡ" ಅಂದರು. ಜಪವಾದರೆ ಬಾಯಿ ಹೇಳುತ್ತದೆ, ಮುಗಿಯುತ್ತದೆ.

ಮಾರ್ಚ್ 10, ಸೋಮವಾರ

ಸಂಗತಿ ಇಷ್ಟು. ಮಗಳು ಶರೋನ್‌ಗೆ ಚಿಕ್ಕವಳಿದ್ದಾಗ ಫಿಟ್ಸ್ ಬರುತ್ತಿತ್ತು. ಹೈಸ್ಕೂಲಿನಲ್ಲೇ ನಿಂತಿತು. ಡಾಕ್ಟರ್ ಮಾತ್ರೆಯನ್ನೂ ಬಿಡಿಸಿದರು. ಹೋದ ವರ್ಷ ಅವಳಿಗೆ ಮಂಡ್ಯದ ಸಂಬಂಧ ಬಂತು. ಅವರು ನನ್ನನ್ನು ಕೇಳಲಿಲ್ಲ, ನಾನು ಹೇಳಲಿಲ್ಲ. ಅಣ್ಣ ಹೇಳಿದ. ಆಮೇಲೆ ಅವರು ಫೋನ್ ಎತ್ತಲಿಲ್ಲ. ಶರೋನ್ ವಾರಗಟ್ಟಲೆ ರೂಮಿನಿಂದ ಹೊರಗೆ ಬರಲಿಲ್ಲ.

ಈಗ ರಾಹುಲ್. ಒಳ್ಳೆಯ ಹುಡುಗ. ಅವನ ಮನೆಯವರೂ ಕೇಳಿಲ್ಲ. ಈಸ್ಟರ್ ಆದ ಮೇಲೆ ಮದುವೆ. ಅದಕ್ಕೆ ಮೊದಲು ಮೂರು ಭಾನುವಾರ ಚರ್ಚಿನಲ್ಲಿ ಪ್ರಕಟಣೆ ಓದಬೇಕು — ಇಂಥವರಿಗೆ ಇಂಥವರ ಜೊತೆ ಮದುವೆ, ಅಡ್ಡಿ ಗೊತ್ತಿದ್ದವರು ಗುರುಗಳಿಗೆ ತಿಳಿಸಿ.

ಪ್ರಕಟಣೆ ಓದುವವನು ಸೂಸೈರಾಜ್.

ಮಾರ್ಚ್ 13

ಪಕ್ಕದ ಮನೆ ಪ್ರೇಮಲೀಲಾ ಕಿಟಕಿಯಿಂದ ನೋಡಿರಬೇಕು. ಬಟ್ಟೆ ಒಣಹಾಕುವಾಗ ಕೇಳಿದರು.

"ಏನ್ರೀ, ಬೆಳಗಾಗೆದ್ದು ಯಾರಿಗೋ ಶಾಪ ಹಾಕ್ದಂಗೆ ಕೂತಿರ್ತೀರಲ್ಲ?"

"ಧ್ಯಾನ ಕಣ್ರೀ."

"ನಾನೂ ದಿನಾ ಲಿಂಗಪೂಜೆಗೆ ಕೂರ್ತೀನಿ. ಹಲ್ಲು ಕಚ್ಚಲ್ಲಪ್ಪ."

ಫ್ರೆಡ್ಡಿಗೆ ಹೇಳಿದೆ. ತಲೆದಿಂಬಿನಲ್ಲಿ ಮುಖ ಹುದುಗಿಸಿ ನಕ್ಕರು. ಗಂಡಂದಿರಿಗೆ ಇಂಥ ಕಡೆಯೇ ನಗು ಬರುತ್ತದೆ.

ಮಾರ್ಚ್ 23, ಭಾನುವಾರ

ಮೊದಲ ಪ್ರಕಟಣೆ. ಅಣ್ಣನದು ಇಸ್ತ್ರಿ ಮಾಡಿದ ಬಿಳಿ ಶರ್ಟ್. ಮಗಳ ಹೆಸರು, ನಮ್ಮಿಬ್ಬರ ಹೆಸರು ಸರಿಯಾಗಿಯೇ ಓದಿದ. "ಅಡ್ಡಿ" ಎಂಬ ಮಾತಿಗೆ ಬಂದಾಗ ನಿಲ್ಲಿಸಿ ಕೆಮ್ಮಿದ. ನಿಜವಾದ ಕೆಮ್ಮೋ, ಬೇಕಂತಲೋ. ಪೂಜೆಯ ಉಳಿದ ಭಾಗ ಕಿವಿಗೆ ಬೀಳಲಿಲ್ಲ.

ರಾಹುಲ್‌ನ ಅಮ್ಮ ನನ್ನ ಕೈ ಹಿಡಿದುಕೊಂಡು, "ನಿಮ್ಮಣ್ಣ ಎಷ್ಟು ಚೆನ್ನಾಗಿ ಓದ್ತಾರೆ!" ಅಂದರು.

ಮಾರ್ಚ್ 26, ಬುಧವಾರ. ಬೆಳಿಗ್ಗೆ 6

ಕನ್ನಡಕ ಹಾಕಿಕೊಂಡು ಓದಿದೆ. ಇಷ್ಟು ದಿನ ನೆನಪಿನಿಂದಲೇ ಹೇಳಿಕೊಳ್ಳುತ್ತಿದ್ದೆ. 'ನಿನಗೆ ಸಹೋದರನ ಮೇಲೆ ಮನಸ್ತಾಪವಿದ್ದರೆ' ಎಂದೇ ನೆನಪು. ಪುಸ್ತಕದಲ್ಲಿ ಹಾಗಿಲ್ಲ. ಸಹೋದರನಿಗೆ ನಿನ್ನ ಮೇಲೆ. ಅವನಿಗೆ. ನನ್ನ ಮೇಲೆ.

ಪತ್ರಿಕೆಯಲ್ಲಿ ಕರಡು ತಿದ್ದಿ ಸಂಬಳ ತೆಗೆದುಕೊಂಡವಳು. ಬೇರೆಯವರು ವಿಭಕ್ತಿ ತಪ್ಪಿದರೆ ಕೆಂಪು ಗೆರೆ ಎಳೆಯುತ್ತಿದ್ದೆ.

ಆದರೂ ಕೇಳುತ್ತೇನೆ — ಅವನಿಗೆ ನನ್ನ ಮೇಲೆ ಏನಿರಲು ಸಾಧ್ಯ? ಕೆಡಿಸಿದವನು ಅವನು.

ಮಾರ್ಚ್ 30, ಭಾನುವಾರ. ಸಂಜೆ

ಎರಡನೇ ಪ್ರಕಟಣೆ ಆಯಿತು. ಈ ಸಲ ಕೆಮ್ಮಲಿಲ್ಲ. ಮಧ್ಯಾಹ್ನ ಆಟೋ ಹಿಡಿದು ಗೋಕುಲಂಗೆ, ಅವನ ಮನೆಗೆ ಹೋದೆ. ಮಹಡಿಯನ್ನು ಯೋಗ ಕಲಿಯಲು ಬಂದ ವಿದೇಶಿಯರಿಗೆ ಬಾಡಿಗೆಗೆ ಕೊಟ್ಟಿದ್ದಾನೆ. ಒಬ್ಬಳು ಮೆಟ್ಟಿಲ ಮೇಲೆ ಎಳನೀರು ಕುಡಿಯುತ್ತ ನನಗೆ ನಮಸ್ತೆ ಅಂದಳು.

"ಏನು, ಬಂದ್ಬುಟ್ಟೆ?" ಅಂದ ಅಣ್ಣ.

"ನಿನಗೆ ನನ್ನ ಮೇಲೆ ಏನಾದ್ರೂ ಇದೆಯಾ ಅಂತ ಕೇಳೋಕೆ ಬಂದೆ."

"ಯಾರು ಕಳಿಸಿದ್ರು?"

"ಮತ್ತಾಯ."

ನಗಲಿಲ್ಲ. ಪೇಪರ್ ಮಡಿಸಿಟ್ಟ.

"ಇದೆ. ಮಂಡ್ಯದವರಿಗೆ ಏನಂದಿದ್ದೆ ನೀನು? ನಮ್ಮಣ್ಣ ಚರ್ಚಲ್ಲಿ ವಾಚನ ಓದೋನು, ಹುಡುಗಿ ವಿಷಯ ಅವನನ್ನೇ ಕೇಳಿ ಅಂದೆ. ಬಂದು ಕೇಳಿದ್ರು, ಕಾಯಿಲೆ ಏನಾದ್ರೂ ಇತ್ತಾ ಅಂತ. ದೇವರ ವಾಕ್ಯ ಓದೋ ಬಾಯಲ್ಲಿ ಸುಳ್ಳು ಹೇಳ್ಲಾ?"

"ಅದನ್ನೇ ಕೇಳ್ತಾರೆ ಅಂತ ನನಗೇನು ಗೊತ್ತು?"

"ಗೊತ್ತಿತ್ತು ಕಣೆ. ಅದಕ್ಕೇ ನನ್ನ ಹೆಸರು ಹೇಳ್ದೆ. ನಾನು ಮುಚ್ಚಿಡ್ತೀನಿ ಅಂತ."

"ರಾಹುಲ್ ಮನೆಯವರು ಬಂದು ಕೇಳಿದ್ರೆ?"

"ಕೇಳಿದ್ರೆ ಹೇಳ್ತೀನಿ. ಮೊದಲು ಹೋಗಿ ನಿನ್ನ ಮಗಳನ್ನ ಕೇಳು, ಏನು ಮಾಡ್ಬೇಕು ಅಂತ. ಮದುವೆ ಅವಳದ್ದು."

ಅತ್ತಿಗೆ ಕಾಫಿ ತಂದಿಟ್ಟರು. ಮುಟ್ಟದೆ ಎದ್ದು ಬಂದೆ. ರಾಜಿ ಮಾಡಿಕೋ ಎಂದು ಬರೆದಿದೆ. ಎದುರಿಗಿರುವವನು ಇಂಥವನಾದರೆ ಹೇಗೆ ಎಂದು ಬರೆದಿಲ್ಲ.

ಏಪ್ರಿಲ್ 4, ಶುಕ್ರವಾರ

ನಾಲ್ಕು ದಿನದಿಂದ ಕುಳಿತಿಲ್ಲ. ಬತ್ತಿ ಹಚ್ಚಿಲ್ಲ. ಹಾಳಾಗಲಿ.

ಒಂದು ಯೋಚನೆ. ಶರೋನ್ ತಾನೇ ರಾಹುಲ್‌ಗೆ ಹೇಳಿಬಿಟ್ಟರೆ? ಆಮೇಲೆ ಅಣ್ಣನ ಹತ್ತಿರ ಹೇಳುವುದಕ್ಕೆ ಏನೂ ಉಳಿಯುವುದಿಲ್ಲ. ಕೆಮ್ಮಿಕೊಳ್ಳಲಿ ಎಷ್ಟು ಬೇಕಾದರೂ. ಇದನ್ನು ಧ್ಯಾನದ ಫಲ ಎನ್ನಲಾರೆ. ಅವನ ಕೈಯಲ್ಲಿರುವ ಕಲ್ಲು ಕಿತ್ತುಕೊಳ್ಳಬೇಕು, ಅಷ್ಟೆ.

ಆದರೆ ರಾಹುಲ್ ಬೇಡವೆಂದುಬಿಟ್ಟರೆ... ಮತ್ತೆ ಆ ರೂಮು, ಆ ಮುಚ್ಚಿದ ಬಾಗಿಲು.

ಏಪ್ರಿಲ್ 6, ಭಾನುವಾರ. ಬೆಳಿಗ್ಗೆ 6.30

ಇವತ್ತು ಮೂರನೆಯದು. ಏಳೂವರೆಗೆ ಪೂಜೆ.

ಶರೋನ್ ತಲೆ ಬಾಚಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಕುಳಿತು ಹೇಳಿದೆ. "ಫಿಟ್ಸ್ ವಿಷಯ ರಾಹುಲ್‌ಗೆ ನೀನೇ ಹೇಳ್ಬಿಡಮ್ಮ. ಈಗಲೇ. ಪ್ರಕಟಣೆಗೆ ಮುಂಚೆ."

ಬಾಚಣಿಗೆ ನಿಲ್ಲಲಿಲ್ಲ.

"ಹೇಳಿ ಆಯ್ತಲ್ಲ."

"ಯಾವಾಗ?"

"ಮೊದಲನೇ ಸಲ ಸಿಕ್ಕಾಗಲೇ. ನನ್ನ ಡಾಕ್ಟರನ್ನೂ ಹೋಗಿ ನೋಡಿದಾನೆ. ಅವರಮ್ಮಂಗೂ ಗೊತ್ತು."

"ನನಗ್ಯಾಕೆ ಹೇಳ್ಲಿಲ್ಲ?"

ಕನ್ನಡಿಯಲ್ಲಿ ನನ್ನನ್ನೇ ನೋಡಿದಳು. ಅದೇ ಸೂಸೈರಾಜನ ಕಣ್ಣು.

"ನೀನು ಕೇಳ್ಲಿಲ್ಲ. ನಾನು ಹೇಳ್ಲಿಲ್ಲ."

ಫ್ರೆಡ್ಡಿ ಸ್ಕೂಟರ್ ಹಾರ್ನ್ ಹೊಡೆಯುತ್ತಿದ್ದಾರೆ. ಬತ್ತಿ ಹಚ್ಚಿ ಕುಳಿತಿದ್ದೇನೆ, ಐದೇ ನಿಮಿಷ. ಇವತ್ತು ಕಾಣಿಕೆಯ ತಟ್ಟೆ ಪೀಠಕ್ಕೆ ಒಯ್ಯುವುದು ನಾವೇ, ಹುಡುಗಿಯ ಮನೆಯವರು. ಮೈಕ್ ಪಕ್ಕದಲ್ಲೇ ಹಾದು ಹೋಗಬೇಕು. ಅಲ್ಲಿ ಅಣ್ಣ ನಿಂತಿರುತ್ತಾನೆ. ಮದುವೆಯ ಭಯ ಹೋಯಿತು. ಇನ್ನು ಉಳಿದದ್ದು, ಅವನ ಮೇಲೆ ನನಗೆ... ಅಲ್ಲ. ಅವನಿಗೆ, ನನ್ನ ಮೇಲೆ —