ಒಳಮಡಿಕೆಯ ಎರಡಿಂಚು

ಮಾರ್ಚ್ ೧೪, ಮಂಗಳವಾರ
ಅಂಗಡಿಯಲ್ಲಿ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ನಿನ್ನ ಗಡಿಬಿಡಿಯ ನಮಸ್ಕಾರಗಳು. ಈ ಹೆಸರು ಇಟ್ಟವಳು ನೀನೇ, ಆದರೂ ಈ ಸಲ ನಿನಗೆ ಉತ್ತರ ಬರೆಯಲು ಈ ಗಡಿಬಿಡಿಗೆ ಇಪ್ಪತ್ತೆರಡು ದಿನ ಬೇಕಾಯಿತು. ಅಂಗಡಿಯಲ್ಲಿ ಹೊಲಿಗೆ ಕೆಲಸ ಜಾಸ್ತಿಯಿತ್ತು ಎಂದು ಬರೆಯೋಣವೆಂದುಕೊಂಡೆ. ಬರೆದರೆ ನೀನು ನಂಬುವುದಿಲ್ಲ. ಕೆಲಸ ಹೆಚ್ಚಿದಷ್ಟೂ ನಾನು ಹೆಚ್ಚು ಹರಟುವವಳು ಎಂದು ನಿನಗೆ ಗೊತ್ತು.

ನಿನ್ನ ಕಾಗದ ಬಂದಾಗ ಪ್ಯಾಂಟು ಗಿಡ್ಡ ಮಾಡಿಸಲು ಬಂದ ಗಿರಾಕಿಯೊಬ್ಬ ಎದುರಿಗೇ ಸ್ಟೂಲಿನ ಮೇಲೆ ಕೂತಿದ್ದ. ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಓದಿದೆ. ಓದಿ ಮುಗಿಸಿ, ಏನೂ ಆಗದವಳ ಹಾಗೆ ಕತ್ತರಿ ಹಿಡಿದು, ಒಂದೇ ಕಾಲನ್ನು ಎರಡು ಸಲ ಕತ್ತರಿಸಿಬಿಟ್ಟೆ. ಪುಣ್ಯಾತ್ಮ, ಜಗಳಕ್ಕೆ ನಿಲ್ಲದೆ ನಕ್ಕ. ಇನ್ನೊಂದು ಕಾಲನ್ನೂ ಅದರ ಸಮಕ್ಕೆ ತಂದು ಚಡ್ಡಿ ಮಾಡಿ ಕಳಿಸಿದೆ.

ನಿನ್ನ ಮಡಿಲು ಬಿಟ್ಟು ಮರಿ ಹೋಗಿ ಮೂರು ವರ್ಷವಾಯಿತು. ಇಷ್ಟು ದಿನದಲ್ಲಿ ನೀನು ಕಾಗದದಲ್ಲಿ ಅವನ ಮಾತೆತ್ತಿದ್ದು ಇದೇ ಮೊದಲು. ಇಪ್ಪತ್ತಾರನೇ ತಾರೀಖು ಭಾನುವಾರ ಬರುತ್ತೇನೆ, ಅಟ್ಟದ ಮೇಲಿರುವ ಅವನ ತಗಡಿನ ಪೆಟ್ಟಿಗೆ ಇಳಿಸಿಡು, ಆಸ್ಪತ್ರೆಗೆ ಕರೆದುಕೊಂಡು ಹೋದ ದಿನ ಹಾಕಿದ್ದ ನೀಲಿ ಚೌಕಳಿ ಅಂಗಿಯನ್ನು ಕೈಯಲ್ಲಿ ಹಿಡಿದು ನೋಡುವ ಧೈರ್ಯ ಈಗ ಬಂದಿದೆ ಎಂದು ಬರೆದಿದ್ದೀಯ. ಅದನ್ನು ಓದಿ ಎಷ್ಟು ಸಂತೋಷಪಡಬೇಕಿತ್ತು ನಾನು. ಪೆಟ್ಟಿಗೆಯ ವಿಷಯಕ್ಕೆ ಬರುತ್ತೇನೆ, ಸ್ವಲ್ಪ ತಡೆ. ಮೊದಲು ಇಲ್ಲಿಯ ಸುದ್ದಿ ಕೇಳು.

ಇವರು ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸದಲ್ಲೇ ಇದ್ದಾರೆ, ಬೆರಳಿಗೆ ಅಂಟಿದ ಗೋಂದು ಊಟಕ್ಕೆ ಕೂತಾಗಲೂ ಹೋಗುವುದಿಲ್ಲ. ಮೊದಲಿನ ಹಾಗೆ ರೇಗಿಸುವುದಿಲ್ಲ, ಈಚೆಗೆ ಮಾತು ಕಡಿಮೆ. ನಾನೋ, ನೀನು ಪೆಟ್ಟಿಗೆ ಇಲ್ಲಿ ಬಿಟ್ಟು ಊರು ಬದಲಿಸಿದ ಮೇಲೆ ಪರಿಸರದ ಹುಚ್ಚು ಹಿಡಿಸಿಕೊಂಡೆ. ಅರ್ಧಂಬರ್ಧ ಬರೆದಿದ್ದೆನಲ್ಲ, ಪೂರ್ತಿ ಹೇಳುತ್ತೇನೆ.

ಶುರುವಾದದ್ದು ಮೆಷಿನ್ನಿನ ಕೆಳಗಿನ ಚೂರುಬಟ್ಟೆಯಿಂದ. ವಾರಕ್ಕೆ ಒಂದು ಮೂಟೆ ಚೂರು ಬೀಳುತ್ತಿತ್ತು. ಕಸದ ಗಾಡಿಯವನು ಅದನ್ನು ತೆಗೆದುಕೊಂಡು ಹೋಗಿ ಬೀದಿಯ ತುದಿಯಲ್ಲೇ ಬೆಂಕಿ ಹಾಕುತ್ತಿದ್ದ. ಆ ಹೊಗೆ ನೇರ ನಮ್ಮ ಅಂಗಡಿಗೇ ಬರುತ್ತಿತ್ತು. ನಾನು ಕತ್ತರಿಸಿದ್ದು ನನ್ನ ಗಂಟಲಿಗೇ ಬಂದು ಕೂರುತ್ತದಲ್ಲ ಎಂದು ರೇಗಿ, ಚೂರುಗಳನ್ನು ಸೇರಿಸಿ ಚೀಲ ಹೊಲಿದೆ. ತರಕಾರಿಗೆ ಹೋದವರ ಕೈಗೆಲ್ಲ ಒಂದೊಂದು ತುರುಕಿದೆ. ಆಮೇಲೆ ಅಡಿಗೆಮನೆಯ ಸಿಪ್ಪೆ, ಕಾಂಡ, ಚಹಾದ ಚರಟವೆಲ್ಲ ಹಿತ್ತಲಿನ ಡ್ರಮ್ಮಿಗೆ ಹೋಗತೊಡಗಿತು. ಕೊಳೆಯುವಾಗ ಡ್ರಮ್ಮಿನ ಹೊಟ್ಟೆ ಬಿಸಿಯಾಗುತ್ತದೆ ಅಕ್ಕ, ನಿಜವಾಗಿ. ಬೆಳಿಗ್ಗೆ ಎದ್ದವಳೇ ಹೋಗಿ ಕೈಯಿಟ್ಟು ನೋಡುತ್ತಿದ್ದೆ. ‘ನನಗೆ ಜ್ವರ ಬಂದಾಗ್ಲೂ ಇಷ್ಟು ಸಲ ಮುಟ್ಟಿ ನೋಡಿಲ್ಲ ನೀನು’ ಎಂದು ಇವರು ಆಡಿಕೊಳ್ಳುತ್ತಿದ್ದರು. ಮರದ ಹಲ್ಲುಜ್ಜುವ ಬ್ರಷ್ಷು ತಂದುಕೊಟ್ಟರೆ ವಸಡಿಗೆ ಸಿಬಿರು ಚುಚ್ಚಿತೆಂದು ಒಂದು ವಾರ ಬಾಯಿ ಊದಿಸಿಕೊಂಡು ಓಡಾಡಿದರು.

ಆಗ ಬಂದವರು ಬಕೆಟ್ ಮೇಡಂ. ಬ್ಯಾಂಕಿನಿಂದ ನಿವೃತ್ತರಾದವರು, ಎಲ್ಲಿಗೆ ಹೋದರೂ ಕೈಯಲ್ಲಿ ಒಂದು ಬಕೆಟ್ಟು, ದಾರಿಯಲ್ಲಿ ಸಿಕ್ಕ ಒಣಗಿದ ಎಲೆಯೆಲ್ಲ ಅದರೊಳಗೆ. ಅವರೇ ಹೆಂಗಸರನ್ನು ಕಲೆಹಾಕಿದರು. ಪ್ರತಿ ಭಾನುವಾರ ಬೆಳಿಗ್ಗೆ ನಮ್ಮ ಹಿತ್ತಲಲ್ಲಿ ಹನ್ನೊಂದು ಜನ ಸೇರುತ್ತಿದ್ದರು. ಬಟ್ಟೆಯ ವಿಚಾರ ಮಾತ್ರ ನೀವೇ ಹೇಳಬೇಕು ಎಂದು ಮೇಡಂ ನನ್ನನ್ನು ಮುಂದೆ ತಳ್ಳಿದರು. ಯಾವುದು ಹತ್ತಿ, ಯಾವುದು ಅಲ್ಲ ಎಂದು ಪತ್ತೆಹಚ್ಚುವುದು ನಮ್ಮ ಕಸುಬಿನವರಿಗೆ ನೀರು ಕುಡಿದಷ್ಟು ಸುಲಭ. ಒಂದು ಎಳೆ ಕಿತ್ತು ಕಡ್ಡಿ ಗೀರಿ ಸುಟ್ಟರೆ ಆಯಿತು. ಕಾಗದ ಸುಟ್ಟ ವಾಸನೆ ಬಂದು ಬೂದಿಯಾದರೆ ಹತ್ತಿ, ಕರಗಿ ಮಣಿಯ ಹಾಗೆ ಗಂಟಾದರೆ ಪಾಲಿಯೆಸ್ಟರು. ಹತ್ತಿಯಾದರೆ ಅಂಗೈ ಅಗಲಕ್ಕೆ ಕತ್ತರಿಸಿ ಡ್ರಮ್ಮಿಗೆ ಹಾಕಬಹುದು, ಮೂರ್ನಾಲ್ಕು ತಿಂಗಳಿಗೆ ಮಣ್ಣು. ಇದನ್ನು ತೋರಿಸಿದ ದಿನದಿಂದ ಎಲ್ಲರೂ ನನ್ನನ್ನು ಟೀಚರ್ ಎಂದು ಕರೆಯತೊಡಗಿದರು. ಏಳನೇ ಕ್ಲಾಸಿನಲ್ಲಿ ಎರಡು ಸಲ ಕೂತವಳನ್ನು ಟೀಚರ್ ಎಂದರೆ ಹೇಗಿರುತ್ತದೆ ಹೇಳು. ಮನೆಗೆಲಸ ಮಾಡುವಾಗಲೂ ಆ ಮಾತು ಕಿವಿಯಲ್ಲೇ ಇರುತ್ತಿತ್ತು.

ಈಗ ಅದೆಲ್ಲ ಮುಗಿಯಿತು. ಬಕೆಟ್ ಮೇಡಂ ಮಗಳ ಮನೆಗೆ ಹೋದವರು ಅಲ್ಲೇ ಉಳಿದರು. ಇಬ್ಬರು ಹಲ್ಲಿ ಬರುತ್ತದೆಂದು ತಮ್ಮ ಮನೆಯ ಡ್ರಮ್ಮು ಎತ್ತಿಸಿದರು. ಉಳಿದವರಿಗೆ ಭಾನುವಾರ ಬೇರೆ ಕೆಲಸ ಹುಟ್ಟಿಕೊಂಡಿತು. ನಾನೇ ಹೊಲಿದ ಚೀಲವನ್ನು ಒಬ್ಬಳು ಕಾಲೊರಸು ಮಾಡಿಕೊಂಡಿದ್ದಾಳೆ, ಅದರ ಮೇಲೆ ಕಾಲಿಟ್ಟೇ ಅವಳ ಮನೆಗೆ ಹೋಗಿ ಬಂದೆ. ಬೀದಿಯ ತುದಿಯಲ್ಲಿ ಈಗ ನನ್ನ ಚೂರುಗಳಲ್ಲ, ಊರಾಚೆಯ ಸಿದ್ಧ ಉಡುಪಿನ ಕಾರ್ಖಾನೆಯ ಚೂರುಗಳು ಲಾರಿ ಲಾರಿ ಬಂದು ಬೀಳುತ್ತವೆ, ಉರಿಯುತ್ತವೆ. ನಾನು ಒಂದು ವರ್ಷ ಉಳಿಸಿದ್ದು ಅವರ ಒಂದು ಮಧ್ಯಾಹ್ನಕ್ಕೆ ಸಮ ಇಲ್ಲ. ಕಿಟಕಿ ಮುಚ್ಚಿಕೊಂಡೇ ಹೊಲಿಯುತ್ತೇನೆ. ಇಷ್ಟಕ್ಕಾಗಿಯೇ ಅಷ್ಟೆಲ್ಲ ಮಾಡಿದೆನಾ ಎಂದು ಕೇಳಿಕೊಳ್ಳುತ್ತೇನೆ.

ಸರಿ, ಪೆಟ್ಟಿಗೆ. ಇಳಿಸಿದ್ದೇವೆ, ಇವರೇ ಒರೆಸಿಟ್ಟಿದ್ದಾರೆ. ಮರಿಯ ಬೂಟು ಇದೆ, ಚಿತ್ರದ ಪುಸ್ತಕ ಇದೆ, ಹಳದಿ ಸ್ವೆಟರು ಇದೆ, ಮುರಿದ ಬಣ್ಣದ ಪೆನ್ಸಿಲುಗಳ ಡಬ್ಬಿ ಇದೆ. ಅಂಗಿ ಮಾತ್ರ ಇಲ್ಲ ಅಕ್ಕ. ಅಟ್ಟದಲ್ಲಿ ತೇವವಿತ್ತು, ನುಸಿ ಹಿಡಿದಿತ್ತು, ಮುಟ್ಟಿದರೆ ಪುಡಿಯಾಗುವ ಹಾಗಿತ್ತು. ಉಳಿದದ್ದಕ್ಕೂ ಹಬ್ಬೀತೆಂದು ತೆಗೆದುಬಿಟ್ಟೆವು. ಮೊದಲೇ ತಿಳಿಸಬೇಕಿತ್ತು. ಹೇಗೆ ತಿಳಿಸುವುದೆಂದು ಗೊತ್ತಾಗದೆ ಸುಮ್ಮನಾದೆ. ಸ್ವೆಟರು ಚೆನ್ನಾಗಿದೆ, ಅದನ್ನು ನೋಡಿ ಸಮಾಧಾನ ಮಾಡಿಕೊ.

ಭಾವನಿಗೆ ನನ್ನ ನಮಸ್ಕಾರ ಹೇಳು. ಮೊಣಕಾಲು ನೋವಿಗೆ ಡಾಕ್ಟರು ಹೇಳಿದ ಪಟ್ಟಿ ಕಟ್ಟುತ್ತಿದ್ದೀಯ ತಾನೇ. ಲಾಂಡ್ರಿಯಲ್ಲಿ ಇಡೀ ದಿನ ನಿಂತೇ ಇಸ್ತ್ರಿ ಮಾಡಬೇಡ, ಕೂತು ಮಾಡುವುದಕ್ಕೆ ಎತ್ತರದ ಸ್ಟೂಲು ಕೇಳು. ನಿನಗೆ ಒಳ್ಳೆಯದಾಗಲಿ ಎಂದು ಹರಸುವ ವಯಸ್ಸು ನನ್ನದಲ್ಲ, ಆದರೂ ಹರಸುತ್ತೇನೆ. ನೆಮ್ಮದಿಯ ನಿದ್ದೆ ಬರಲಿ ನಿನಗೆ.

ಇಂತಿ,
ನಿನ್ನ ತಂಗಿ
ಗಡಿಬಿಡಿ

ತಾ.ಕ.

ಬುಧವಾರ ಬೆಳಿಗ್ಗೆ.

ಲಕೋಟೆ ಅಂಟಿಸಿ ಆಗಿತ್ತು. ಇವರು ಕೆಲಸಕ್ಕೆ ಹೊರಟವರು, ದಾರಿಯಲ್ಲಿ ಅಂಚೆಗೆ ಹಾಕುತ್ತೇನೆಂದು ಕೈಚಾಚಿದರು. ಅಂಗಿಯ ವಿಷಯ ಬರೆದೆಯಾ ಎಂದು ಕೇಳಿದರು. ಬರೆದೆ ಎಂದೆ.

‘ಇದ್ದದ್ದು ಇದ್ದ ಹಾಗೆ ಬರೆದ್ಯಾ?’

ನಾನು ಗೋಂದಿನ ಡಬ್ಬಿಗೆ ಮುಚ್ಚಳ ಹಾಕಿದೆ. ಅವರು ಕಾಗದ ಮೇಜಿನ ಮೇಲಿಟ್ಟು, ‘ನೀನು ಬರೆಯೋವರೆಗೂ ನಾನು ಇದನ್ನ ಮುಟ್ಟಲ್ಲ’ ಎಂದು ಹೇಳಿ ಹೋದರು. ಅದಕ್ಕೇ ಲಕೋಟೆ ಹರಿದು ಬರೆಯುತ್ತಿದ್ದೇನೆ.

ನುಸಿ ಹಿಡಿದಿರಲಿಲ್ಲ. ತೇವವೂ ಇರಲಿಲ್ಲ. ಅಂಗಿ ನೀನು ಮಡಿಚಿಟ್ಟ ಹಾಗೆಯೇ ಇತ್ತು. ಇವರಿಗೂ ಏನೂ ಗೊತ್ತಿರಲಿಲ್ಲ. ನಿನ್ನ ಕಾಗದ ಬಂದ ಮೇಲೆ ಪೆಟ್ಟಿಗೆ ಇಳಿಸಿ ನೋಡಿದಾಗಲೇ ತಿಳಿದದ್ದು. ಅವತ್ತಿನಿಂದ ದಿನಾ ಬೆಳಿಗ್ಗೆ ‘ಬರೆದ್ಯಾ’ ಎಂದು ಒಂದೇ ಮಾತು ಕೇಳುತ್ತಾರೆ.

ಅಕ್ಟೋಬರಿನ ಒಂದು ಭಾನುವಾರ. ಅವತ್ತು ನಮ್ಮ ಮನೆಯನ್ನೇ ಮಾದರಿ ಮಾಡಿ ತೋರಿಸುವುದೆಂದು ಮೇಡಂ ಹೇಳಿದ್ದರು. ಒಂದು ವರ್ಷ ಕೈಯಿಂದ ಮುಟ್ಟದ ವಸ್ತು ಮನೆಯಲ್ಲಿ ಇರಬಾರದು, ಬೇಕಾದವರಿಗೆ ಕೊಡಬೇಕು ಇಲ್ಲವೇ ಮಣ್ಣಿಗೆ ಸೇರಿಸಬೇಕು ಎಂದು ನಾನು ಉದ್ದುದ್ದ ಮಾತಾಡಿದೆ. ಬೀರು ತೆಗೆದು ತೋರಿಸಿದೆ, ಮಂಚದ ಕೆಳಗೆ ತೋರಿಸಿದೆ. ಗುಂಪಿನಲ್ಲಿದ್ದ ಔಷಧಿ ಅಂಗಡಿಯವಳು ತಲೆಯೆತ್ತಿ, ‘ಟೀಚರ್, ಅಟ್ಟದ ಮೇಲೆ ಒಂದು ಪೆಟ್ಟಿಗೆ ಇದೆಯಲ್ಲ’ ಎಂದಳು. ನಮ್ಮಕ್ಕನದು ಎಂದೆ. ಕೊನೆಯ ಸಲ ಯಾವಾಗ ತೆಗೆದದ್ದು ಎಂದಳು. ಎರಡೂವರೆ ವರ್ಷ ಆಯಿತೆಂದೆ. ಅವಳು ನಕ್ಕಳು, ಅಷ್ಟೇ. ಕೆಟ್ಟ ನಗೆಯೂ ಅಲ್ಲ.

ತೀರಿಕೊಂಡ ಮಗುವಿನ ಪೆಟ್ಟಿಗೆ ಅದು ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಎಲ್ಲರೂ ಬಾಯಿಗೆ ಕೈಯಿಟ್ಟುಕೊಂಡು ಸುಮ್ಮನಾಗುತ್ತಿದ್ದರು. ಹೇಳಲಿಲ್ಲ ಅಕ್ಕ. ಊರಿಗೆಲ್ಲ ಬುದ್ಧಿ ಹೇಳಿ ತನ್ನ ಮನೆಯಲ್ಲೇ ಬಚ್ಚಿಟ್ಟುಕೊಂಡಿದ್ದಾಳೆ ಅನ್ನುತ್ತಾರಲ್ಲ ಎಂದು ಹೆದರಿದೆ. ಹನ್ನೊಂದು ಜನರ ಮುಂದೆ ಟೀಚರ್ ಎನ್ನಿಸಿಕೊಳ್ಳುವುದು ನನಗೆ ಅಷ್ಟು ದೊಡ್ಡದಾಗಿತ್ತು.

ಕುರ್ಚಿ ಹತ್ತಿ ನಾನೇ ಇಳಿಸಿದೆ. ಅಂಗಿ ಎಲ್ಲಕ್ಕಿಂತ ಮೇಲೆ ಇತ್ತು. ಯಾರದೋ ಅಂಗಿ ಎಂದುಕೊಂಡೆ ಎಂದು ಹೇಳಲೂ ಬರುವ ಹಾಗಿಲ್ಲ. ಅದನ್ನು ಹೊಲಿದವಳು ನಾನು. ಬೆಳೆಯುವ ಹುಡುಗ, ಮುಂದಿನ ವರ್ಷ ಬಿಚ್ಚಿ ಉದ್ದ ಮಾಡಿಕೊಡುತ್ತೇನೆಂದು ಕೆಳಗೆ ಎರಡಿಂಚು ಒಳಮಡಿಕೆ ಬಿಟ್ಟಿದ್ದೆ. ಆ ಮಡಿಕೆ ಕೈಗೆ ಸಿಕ್ಕಿತು. ಅಲ್ಲಿಂದಲೇ ಬಟ್ಟೆಯ ಒಂದು ಎಳೆ ಕಿತ್ತು ಕಡ್ಡಿ ಗೀರಿದೆ. ಬೂದಿಯಾಯಿತು. ಅಪ್ಪಟ ಹತ್ತಿ ಎಂದೆ, ಎಲ್ಲರೂ ಚಪ್ಪಾಳೆ ತಟ್ಟಿದರು. ಅಂಗೈ ಅಗಲಕ್ಕೆ ಕತ್ತರಿಸಿ ಡ್ರಮ್ಮಿಗೆ ಹಾಕಿ ಎಲೆ ಮುಚ್ಚಿದೆ. ಆ ಹೊತ್ತಿನಲ್ಲಿ ನನಗೆ ಹೆಮ್ಮೆಯೇ ಆಯಿತು, ಸುಳ್ಳು ಹೇಳುವುದಿಲ್ಲ. ಅವರೆಲ್ಲ ಹೋದ ಮೇಲೆ ಲೋಟ ತೊಳೆಯುತ್ತಿದ್ದವಳು ಹಿತ್ತಲ ಬಾಗಿಲವರೆಗೆ ಹೋಗಿ ನಿಂತೆ. ಓಡಿಹೋಗಿ ಚೂರುಗಳನ್ನು ಹೊರಗೆ ತೆಗೆಯಬಹುದಿತ್ತು. ತೆಗೆದು ಏನು ಮಾಡಲಿ, ಕತ್ತರಿಸಿ ಆಗಿತ್ತು. ಲೋಟಗಳನ್ನು ಇನ್ನೊಂದು ಸಲ ತೊಳೆದೆ.

ನಿನ್ನ ಕಾಗದ ಬಂದ ಮೇಲೆ ಡ್ರಮ್ಮು ಮಗುಚಿದೆ. ಜನವರಿಯಲ್ಲೇ ಮಣ್ಣನ್ನು ಹಂಚಿಬಿಟ್ಟಿದ್ದೆ, ಒಬ್ಬೊಬ್ಬರಿಗೂ ಒಂದೊಂದು ಚೀಲ. ಯಾರ ಯಾರ ಹೂಕುಂಡದಲ್ಲಿದೆಯೋ, ಯಾರು ಬೀದಿಗೆ ಚೆಲ್ಲಿದರೋ. ತಳದಲ್ಲಿ ಅರ್ಧ ಬಕೆಟ್ ಉಳಿದಿತ್ತು. ಪೇಪರು ಹಾಸಿ ಜರಡಿ ಹಿಡಿದೆ. ಬಟ್ಟೆ ಒಂದು ಚೂರೂ ಇಲ್ಲ. ನೂಲು ಸಿಕ್ಕಿತು. ಹುಡುಗ ಹರಿದುಕೊಳ್ಳುತ್ತಾನೆಂದು ಅಂಗಿಗೆ ಪಾಲಿಯೆಸ್ಟರ್ ನೂಲು ಹಾಕಿ ಹೊಲಿದಿದ್ದೆ, ಅದು ಕೊಳೆಯುವುದಿಲ್ಲ. ನನ್ನ ಹೊಲಿಗೆ ಹಾಗೇ ಉಳಿದಿದೆ, ಹಿಡಿದುಕೊಳ್ಳುವುದಕ್ಕೆ ಬಟ್ಟೆ ಇಲ್ಲ. ತೊಳೆದು ರಟ್ಟಿಗೆ ಸುತ್ತಿಟ್ಟಿದ್ದೇನೆ. ಒಂದು ಮೊಳ ಇದ್ದೀತು. ಅದನ್ನು ನಿನ್ನ ಕೈಗೆ ಕೊಡುವ ಮುಖ ನನಗಿಲ್ಲ, ಪೆಟ್ಟಿಗೆಯಲ್ಲಿ ಇಡುತ್ತೇನೆ.

ಕ್ಷಮಿಸು ಎಂದು ಬರೆಯುವುದಿಲ್ಲ. ಇಪ್ಪತ್ತಾರರ ಭಾನುವಾರ ಇವರು ಬಸ್ ನಿಲ್ದಾಣಕ್ಕೆ ಬರುತ್ತಾರೆ. ನಾನು ಅಂಗಡಿಯಲ್ಲಿರುತ್ತೇನೆ. ನೀನು ಪೆಟ್ಟಿಗೆ ತೆಗೆದುಕೊಂಡು ಹಾಗೇ ಹೊರಟುಹೋದರೂ ನಾನು ಹಿಂದೆ ಬರುವುದಿಲ್ಲ.

ನೀನು ಕಾಗದದ ಕೊನೆಯಲ್ಲಿ ಒಂದು ಮಾತು ಕೇಳಿದ್ದೆ. ಬೇಕೆಂದೇ ತೊಳೆಯದೆ ಇಟ್ಟಿದ್ದೇನೆ, ಇಷ್ಟು ದಿನದ ಮೇಲೆ ಅವನ ಮೈವಾಸನೆ ಅಂಗಿಯಲ್ಲಿ ಇನ್ನೂ ಇದ್ದೀತಾ ಎಂದು. ನಿನ್ನೆ ಅದಕ್ಕೆ ಉತ್ತರ ಬರೆಯಲಿಲ್ಲ.

ಇತ್ತು ಅಕ್ಕ. ಕತ್ತರಿಸುವುದಕ್ಕೆ ಮೊದಲು ಮೂಸಿ ನೋಡಿದ್ದೆ.